ಲೋಹಾ ಅಂದರೆ ಕಬ್ಬಿಣ

ಮಾನ್ವಿ,
ತಾರಣ ಸಂವತ್ಸರ, ಮಾರ್ಗಶಿರ ಶುದ್ಧ ಪಂಚಮಿ, ೧೯೪೪

ಪ್ರೀತಿಯ ಅವ್ವಾ,

ನಿನ್ನ ಪ್ರಾಣೇಶ ಕಾಲಿಗೆರಗಿ ಬರೆಯುತ್ತಿದ್ದೇನೆ. ದೇವದುರ್ಗದ ಚಳಿಗೆ ನಿನ್ನ ಮೊಣಕಾಲು ಹೇಗಿದೆ? ಎಳ್ಳೆಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ತವರುಮನೆಯಲ್ಲೂ ಎಲ್ಲರ ಚಾಕರಿ ಮಾಡುತ್ತ ನಿನ್ನ ಕಾಲನ್ನೇ ಮರೆತಿದ್ದೀಯೋ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಡಿಗೆ ನನ್ನದೇ. ಸಾರು ಸುಮಾರು, ಅನ್ನ ಒಮ್ಮೊಮ್ಮೆ ಗಂಜಿ. ಅಪ್ಪ ಏನೂ ಅನ್ನದೆ ಉಣ್ಣುತ್ತಾರೆ. ಅದು ಹೊಗಳಿಕೆಯಲ್ಲ ಎಂದು ನನಗೆ ಗೊತ್ತಿದೆ.

ಈಗ ಸುದ್ದಿ. ಇದನ್ನು ವೆಂಕಟೇಶ ಮಾಮಾಗೆ ಗಟ್ಟಿಯಾಗಿ ಓದಿ ಹೇಳು, ಮಾಮಿಗೂ ಕೇಳಿಸಲಿ. ಅಪ್ಪ ಕುಡಿಯುವುದಿಲ್ಲ, ಎಂದೂ ಕುಡಿದಿಲ್ಲ. ನಿನ್ನೆ ಬೆಳಿಗ್ಗೆ ಪ್ರಾಣದೇವರ ಗುಡಿಯ ಕಟ್ಟೆಯ ಮೇಲೆ, ಇಡೀ ಓಣಿಯ ಎದುರಿಗೆ ಅದು ರುಜುವಾಯಿತು. 'ಕುಡುಕನ ಮನಿಯಾಗ ನನ್ನ ತಂಗಿ ಇರೂದು ಬ್ಯಾಡ' ಎಂದು ಮಾಮಾ ನಿನ್ನನ್ನು ಗಾಡಿ ಹತ್ತಿಸಿದ ದಿನ ನಾನು ಬಾಗಿಲಲ್ಲಿ ನಿಂತು ಕೂಗಾಡಿದ್ದೆ, ನೆನಪಿದೆಯಲ್ಲ? ಆಗ ನನ್ನ ಹತ್ತಿರ ಸಿಟ್ಟು ಮಾತ್ರ ಇತ್ತು. ಈಗ ಕಾರಣ ಇದೆ.

ನೀನು ಹೋದ ಮೇಲೆ ಅಪ್ಪನ ನಡಿಗೆ ಇನ್ನೂ ಕೆಟ್ಟಿತು. ಮುಂದೆ ಬಾಗಿ, ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಓಡಿದಂತೆ ಹೋಗುವುದು. ತಿರುಗಬೇಕಾದರೆ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುವುದು. ಸೇಂದಿ ಅಂಗಡಿಯ ಮುಂದೆ ಹಾಗೊಮ್ಮೆ ನಿಂತರು, ಸಾಕಾಯಿತು. 'ಆಚಾರ್ರ, ಇವತ್ತ ತೀರ್ಥ ಜಾಸ್ತಿ ಆತೇನ್ರೀ?' ಎಂದು ಒಬ್ಬ ಕೇಳಿದನಂತೆ. ಮರುದಿನ ಗುಡಿಯಲ್ಲಿ ಆರತಿ ಕೈಯಲ್ಲೇ ವಾಲಿ ಎಣ್ಣೆ ಚೆಲ್ಲಿತು. ಗುಡಿಯ ಹಿರಿಯರಾದ ಜಯತೀರ್ಥಾಚಾರ್ರು 'ಇನ್ನ ನೀವು ಪೂಜಾ ಮಾಡೂದು ನಿಲ್ಲಸ್ರಿ' ಅಂದುಬಿಟ್ಟರು. ನಮ್ಮ ಅಜ್ಜನ ಅಜ್ಜನಿಂದ ಬಂದ ಸೇವೆ. ಅಪ್ಪ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತರು. ನನಗೆ ಕೂತಿರಲಿಕ್ಕೆ ಆಗುವುದಿಲ್ಲ, ನಿನಗೆ ಗೊತ್ತು. ಕೂತಿರಲಿಕ್ಕೆ ಆಗಿದ್ದರೆ ಶಾಲೆಯನ್ನಾದರೂ ಮುಗಿಸುತ್ತಿದ್ದೆ. ಅವರನ್ನು ಎಬ್ಬಿಸಿ ಮೋಟಾರು ಹತ್ತಿಸಿ ರಾಯಚೂರಿಗೆ ಕರೆದೊಯ್ದೆ.

ಅಲ್ಲಿ ವಲಿ ಪಾಷಾ ಎಂಬ ಡಾಕ್ಟರರಿದ್ದಾರೆ, ಹೈದರಾಬಾದಿನಲ್ಲಿ ಓದಿದವರು. ಅಪ್ಪನ ಬಾಯಿ ಮೂಸಲಿಲ್ಲ, ಅದೇ ನನಗೆ ಮೊದಲು ಹಿಡಿಸಿದ್ದು. ಮೊಣಕೈ ಹಿಡಿದು ಮಡಚಿ ಬಿಚ್ಚಿ ನೋಡಿದರು. ಬಾವಿಯ ಹಳೆಯ ರಾಟಿ ತಡೆದು ತಡೆದು ತಿರುಗಿದ ಹಾಗೆ ಕೈ ಕಟ್ ಕಟ್ ಎಂದು ಬಗ್ಗಿತು. ಇದು ಮಿದುಳಿನ ರೋಗ, ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. 'ಹಂಗಾದ್ರ ಸಾಹೇಬ್ರ, ನಮ್ಮೂರಿಗೆ ಬಂದು ಇದನ್ನೇ ಹೇಳ್ರಿ' ಎಂದು ನಾನು ಅವರ ಬೆನ್ನು ಬಿಡಲಿಲ್ಲ. ಮಾನ್ವಿಯಲ್ಲಿ ಬೇರೆ ರೋಗಿಯೊಬ್ಬರನ್ನು ನೋಡಲು ಬರುವುದಿತ್ತು; ನಿನ್ನೆ ಬಂದರು.

ಅವರು ಕಟ್ಟೆಯ ಕೆಳಗೆ ನಿಂತು ಉರ್ದುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ತೊಡೆಯ ಮೇಲೆ ಕೈಯಿಟ್ಟು ಕೂತಿದ್ದರು. ಬೆರಳು ರುಂಯ್ ಎಂದು ನಡುಗುತ್ತಿದ್ದವು. ಡಾಕ್ಟರರು ಒಂದು ತುಳಸೀದಳ ಎತ್ತಲು ಹೇಳಿದರು. ಅಪ್ಪ ಎತ್ತಿದರು. ಅವ್ವಾ, ನಡುಕ ನಿಂತುಬಿಟ್ಟಿತು! 'ಕುಡಿದು ಕೆಟ್ಟವನ ಕೈ ಕೆಲಸಕ್ಕ ಹಚ್ಚಿದಾಗ ನಡಗ್ತದ. ಇವರ ಕೈ ಸುಮ್ಮನಿದ್ದಾಗ ನಡಗ್ತದ' ಎಂದು ಅವರ ಮಾತನ್ನು ನಾನು ಕೂಗಿ ಹೇಳಿದೆ. ದಳವನ್ನು ಕೆಳಗಿಟ್ಟ ಕೂಡಲೇ ನಡುಕ ಮತ್ತೆ ಶುರು. ಜನ ಬಗ್ಗಿ ಬಗ್ಗಿ ನೋಡಿದರು.

ಕಾರಣವನ್ನೂ ಹೇಳಿದರು. ಮಿದುಳಿನ ಆಳದಲ್ಲಿ, ನಮ್ಮ ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಕೆಲವು ಸಣ್ಣ ಜಾಗಗಳಿವೆ. ಅಲ್ಲಿ ಎಲ್ಲ ಮನುಷ್ಯರಿಗೂ 'ಲೋಹಾ' ಇರುತ್ತದೆ. ನಡುಕದ, ಬಿಗಿತದ ಕೆಲವು ರೋಗಗಳಲ್ಲಿ ಅದು ತುಕ್ಕಿನಂತೆ ಹೆಚ್ಚಾಗಿ ಕೂತದ್ದನ್ನು ವಿಲಾಯತಿ ಡಾಕ್ಟರರು ಸತ್ತವರ ಮಿದುಳು ಕೊಯ್ದು ಕಂಡಿದ್ದಾರಂತೆ. ಅದು ಕೂತದ್ದರಿಂದ ರೋಗವೋ, ರೋಗದಿಂದ ಅದು ಕೂತದ್ದೋ ಎಂದು ಕೇಳಿದೆ. 'ಮಾಲೂಮ್ ನಹೀಂ' ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರಲ್ಲ, ನನ್ನ ನಂಬಿಕೆ ಗಟ್ಟಿಯಾಯಿತು.

ಆದರೆ ಜಯತೀರ್ಥಾಚಾರ್ರಿಗೆ 'ಲೋಹಾ' ಎಂಬುದು ನಮ್ಮ ಕನ್ನಡದ ಲೋಹವಾಗಿ ಕೇಳಿಸಿತು. ಮುಖ ಅರಳಿತು. 'ಲೋಹ ಅದನ? ದೇವರ ಉತ್ಸವಮೂರ್ತಿನೂ ಪಂಚಲೋಹದ್ದೇ ಅಲ್ಲೇನು! ಇದು ರೋಗ ಅಲ್ಲ, ಅನುಗ್ರಹ' ಎಂದರು. ಎಲ್ಲರೂ ತಲೆಯಾಡಿಸಿದರು. ಆಚಾರ್ರು ಅಪ್ಪನನ್ನು ಒಳಗೆ ಕರೆಯಲು ಎದ್ದೇಬಿಟ್ಟರು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. 'ಅಲ್ರೀ ಅಜ್ಜಾರ, ಉರ್ದುದಾಗ ಲೋಹಾ ಅಂದ್ರ ಕಬ್ಬಿಣ' ಎಂದೆ.

ಪೂಜೆಗೆ ಕಬ್ಬಿಣ ನಿಷಿದ್ಧ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಎದ್ದಿದ್ದ ಅಜ್ಜಾರು ಮತ್ತೆ ಕೂತರು. 'ಕಬ್ಬಿಣದ ಸೌಟೂ ಗರ್ಭಗುಡಿಗೆ ಒಯ್ಯಂಗಿಲ್ಲ, ತಲಿಯಾಗ ಕಬ್ಬಿಣ ಇದ್ದವರು ಹೆಂಗ ಹೋಗೂದು?' ಎಂದರು. ಅಪ್ಪ ನನ್ನನ್ನು ನೋಡಿದರು. ಅವರ ಮುಖದಲ್ಲಿ ಈಗ ಸಿಟ್ಟೂ ಮೂಡುವುದಿಲ್ಲ, ರೋಗ ಅದನ್ನೂ ಕಟ್ಟಿಹಾಕಿದೆ. ಬೈದಿದ್ದರೆ ಚೆನ್ನಾಗಿತ್ತು. ಆದರೂ ಆಡಿದ್ದನ್ನು ತಿರುಗಿಸಲಿಲ್ಲ. 'ಎಲ್ಲಾ ಮನುಷ್ಯಾರಿಗೂ ಅಂದಾರ ಡಾಕ್ಟರು. ನಿಮ್ಮ ತಲಿಯಾಗೂ ಕಬ್ಬಿಣ ಅದ ಅಜ್ಜಾರ, ನಿಮ್ಮ ರಕ್ತದಾಗೂ ಅದ. ಹಂಗಾದ್ರ ಪೂಜಾ ಯಾರು ಮಾಡವ್ರು?' ಎಂದೆ. ಅಜ್ಜಾರು ತಮ್ಮ ತಲೆಯನ್ನು ತಾವೇ ಮುಟ್ಟಿ ನೋಡಿಕೊಂಡರು!

ಅಷ್ಟರಲ್ಲಿ ಕಂಬದ ಹಿಂದಿನಿಂದ ಪಕ್ಕದ ಮನೆಯ ಭಾಗೀರಥಿಬಾಯಿ ಅತ್ತಿ ಕೂಗಿದಳು: 'ಜಯತೀರ್ಥಾ, ಗರ್ಭಗುಡಿ ಬಾಗಿಲಿಗೆ ದಿನಾ ಜಡೀತೀಯಲ್ಲ, ಆ ಕೀಲಿ ಯಾತರದ್ದೋ? ಬೆಲ್ಲದ್ದೇನು?' ಮೊದಲು ನಕ್ಕವರು ಡಾಕ್ಟರರು. ಆಮೇಲೆ ಕಟ್ಟೆಗೆ ಕಟ್ಟೆಯೇ ನಕ್ಕಿತು. ಅಜ್ಜಾರು ಮೀಸೆಯಿಲ್ಲದ ತುಟಿ ಒರೆಸಿಕೊಂಡರು, ಕೊನೆಗೆ ತಾವೂ ನಕ್ಕರು. 'ಏಳ್ರಿ ಪ್ರಹ್ಲಾದಾಚಾರ್ರ, ದೇವರಿಗೆ ಹೊತ್ತಾತು' ಎಂದು ಅಪ್ಪನ ರಟ್ಟೆಗೆ ಕೈಕೊಟ್ಟು ತಾವೇ ಎಬ್ಬಿಸಿದರು.

ಅಪ್ಪ ಒಳಗೆ ಹೋದರು. ಭಾರದ ಆರತಿ ನಾನು ಹಿಡಿಯುವುದು, ಮಂತ್ರ, ಅರ್ಚನೆ ಅಪ್ಪನದು ಎಂದು ತೀರ್ಮಾನವಾಯಿತು. ಒಂದೊಂದೇ ತುಳಸೀದಳ ಏರಿಸಿದರು, ಒಂದೂ ಕೆಳಗೆ ಬೀಳಲಿಲ್ಲ. ಧ್ವನಿ ಸಣ್ಣದಾಗಿದೆ, ಆದರೂ ಹೊರಗಿನ ಅಂಗಳದವರೆಗೂ ಕೇಳಿಸಿತು. ತೀರ್ಥಕ್ಕೆ ಮೊದಲು ಕೈಯೊಡ್ಡಿದವನು ಯಾರು ಗೊತ್ತೆ? ಸೇಂದಿ ಅಂಗಡಿಯ ಮುಂದೆ ಕುಚೋದ್ಯ ಮಾಡಿದವನೇ.

ಮಾಮಾ, ಮಾಮಿಗೆ ನನ್ನ ನಮಸ್ಕಾರ ಹೇಳು. ಮಾಮಾಗೆ ಉರಿಯುವಂತೆ ಹೇಳಬೇಡ, ಪ್ರೀತಿಯಿಂದಲೇ ಹೇಳು. ಪ್ರಾಣದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗ,
ಪ್ರಾಣೇಶ

ತಾ.ಕ.: ಅವ್ವಾ, ಇದನ್ನು ನೀನೊಬ್ಬಳೇ ಓದಿಕೋ. ಈ ರೋಗ ವಾಸಿಯಾಗುವುದಿಲ್ಲ. ಡಾಕ್ಟರರು ಕೊಟ್ಟ ಹನಿ ಔಷಧದಿಂದ ಬಿಗಿತ ಸ್ವಲ್ಪ ಸಡಿಲಿದೆ, ಬಾಯಿ ಒಣಗುತ್ತದೆ, ಅಷ್ಟೆ. ವರ್ಷ ಕಳೆದಂತೆ ಹೆಚ್ಚುತ್ತದೆ. ಉಣಿಸುವ ದಿನವೂ ಬರಬಹುದು. 'ಮೊದಲ ಆಕಿ ಬರಲಿ, ಆಮ್ಯಾಲ ಹೇಳೋಣು' ಎಂದರು ಅಪ್ಪ. ಮುಚ್ಚಿಟ್ಟು ನಿನ್ನನ್ನು ಕರೆಯಲಾರೆ ಎಂದೆ. ಅದಕ್ಕೆ, 'ಹಂಗಾದ್ರ ಗಾಡಿ ಹೂಡು, ನಾನೂ ಬರ್ತೀನಿ. ಆಕಿ ಮುಂದ ನಾನೇ ಹೇಳ್ತೀನಿ' ಎಂದರು. ಗುರುವಾರ ಬರುತ್ತೇವೆ. ಮಾಮಾನ ಅಂಗಳದಲ್ಲಿ ಅಪ್ಪ ಇಳಿಯುವಾಗ ಕಾಲು ಅಂಟಿಕೊಂಡು ನಿಂತರೆ ಯಾರೂ ಎಳೆಯದಿರಲಿ. ನೀನು ಎದುರಿಗೆ ನಿಂತು 'ಬರ್ರಿ' ಅನ್ನು, ಸಾಕು. ಬರುತ್ತಾರೆ.