ಅಂಚೆ ನರ್ಸಿನ ಏಳುನೂರು ಗಂಟೆ

ಭಾನುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ, ಅಡುಗೆಮನೆಯ ಮೇಜಿನಿಂದ

ನನ್ನ ಗುಬ್ಬಿಗೆ ದೊಡ್ಡಕ್ಕನ ತುಂಬು ಪ್ರೀತಿ.

ನಿನ್ನ ಮೂರು ಕಾಗದಗಳೂ ಬಂದಿವೆ. ಮೊದಲನೆಯದರಲ್ಲಿ ನನ್ನ ಮಂಡಿನೋವು ವಿಚಾರಿಸಿದ್ದೆ, ಎರಡನೆಯದರಲ್ಲಿ ಉತ್ತರ ಬರೆಯಲಿಲ್ಲವೆಂದು ಹಿಗ್ಗಾಮುಗ್ಗಾ ಬೈದಿದ್ದೆ. ಮೂರನೆಯದರಲ್ಲಿ ಬೈಗುಳವೂ ಇಲ್ಲ. "ನಾನೂ ಅಲ್ಲಿಗೆ ಬರಲಾ ಬೇಡವಾ, ಒಂದೇ ಮಾತಲ್ಲಿ ಹೇಳಕ್ಕ" ಎಂದು ಎರಡು ಸಾಲು ಬರೆದು ಮುಗಿಸಿದ್ದೀಯ. ನೀನು ಬೈದಾಗ ನನಗೆ ಭಯವಿರಲಿಲ್ಲ, ಬೈಯದೆ ಬಿಟ್ಟಾಗ ಭಯವಾಯಿತು. ಫೋನನ್ನೂ ನಾನು ಎತ್ತಲಿಲ್ಲ. ತಪ್ಪಾಯಿತು ಕಣೇ. ಫೋನಿನಲ್ಲಾದರೆ ನೀನು ನಡುವೆ ನೂರು ಪ್ರಶ್ನೆ ಕೇಳುತ್ತೀಯ, ನಾನು ನೂರೊಂದನೆಯದಕ್ಕೆ ಹಾರಿಕೆಯ ಉತ್ತರ ಕೊಟ್ಟು ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ಅದು ನಡೆಯುವುದಿಲ್ಲ. ನಾವಿಬ್ಬರೂ ಇಡೀ ನರ್ಸಿಂಗನ್ನೇ ಅಂಚೆಯಲ್ಲಿ ಕಲಿತವರಲ್ಲವೇ, ಇದನ್ನೂ ಅಂಚೆಗೇ ಹಾಕುತ್ತೇನೆ.

ಮೊದಲು ಸುದ್ದಿ. ನನ್ನ ಲೈಸೆನ್ಸ್ ಬಂತು. ಹೋದ ಸೋಮವಾರ ಬಂತು, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ನಮ್ಮ ಮನೆಯವರು ಲಕೋಟೆ ಒಡೆದು ಎರಡು ಸಲ ಗಟ್ಟಿಯಾಗಿ ಓದಿದರು, ಆಮೇಲೆ "ಸಿಸ್ಟರ್, ಈ ವಾರ್ಡಿಗೊಂದು ಟೀ ಸಿಗುತ್ತಾ?" ಎಂದು ರೇಗಿಸಿದರು. ನಾನು ಏಳಲಿಲ್ಲ. ಕೊನೆಗೆ ಅವರೇ ಒಲೆ ಹಚ್ಚಿ ಟೀ ಮಾಡಿ ನನ್ನ ಮುಂದೆ ಇಟ್ಟರು. ಅದು ಆರಿಹೋಯಿತು.

ನಿನಗೆ ಮೊದಲಿನಿಂದ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ನಮ್ಮ ಮನೆಯವರ ಕಂಪನಿಯ ಡಿಪೋ ಗಡಿಯಾಚೆಯ ಈ ರಾಜ್ಯಕ್ಕೆ ವರ್ಗವಾಗಿ ನಾವು ಹೊರಟಾಗ ನೀನು ಸ್ಟೇಷನ್ನಿಗೆ ಬಂದು ಅತ್ತಿದ್ದೆ. ನಾನು ನಕ್ಕಿದ್ದೆ. ಹದಿನಾಲ್ಕು ವರ್ಷ ಆಯಾ ಆಗಿ ಬೆಡ್‌ಪ್ಯಾನ್ ಎತ್ತಿ, ನಲವತ್ತೆರಡನೇ ವಯಸ್ಸಿಗೆ ಪರೀಕ್ಷೆ ಪಾಸು ಮಾಡಿ, ಅಲ್ಲಿ ಎರಡು ವರ್ಷ ಪಕ್ಕಾ ನರ್ಸಾಗಿ ಕೆಲಸ ಮಾಡಿದವಳಿಗೆ ಎಲ್ಲಿ ಹೋದರೇನು ಎಂಬ ಜಂಭ. ಆರು ಗಂಟೆಯ ಪ್ರಯಾಣ ಅದು. ರೈಲು ಹತ್ತಿದಾಗ ನಾನು ನರ್ಸ್, ಇಳಿದಾಗ ಮತ್ತೆ ಆಯಾ.

ಇಲ್ಲಿಯ ನರ್ಸಿಂಗ್ ಕೌನ್ಸಿಲ್ ಕಚೇರಿಯ ಗುಮಾಸ್ತರು ನನ್ನ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದರು. "ಏನಮ್ಮ, ಇಂಜೆಕ್ಷನ್ ಕೊಡೋದನ್ನೂ ಪೋಸ್ಟಲ್ಲೇ ಕಲಿತ್ರಾ?" ಎಂದರು. "ಹೌದು ಸಾರ್, ಲಕೋಟೆಗೆ ಚುಚ್ಚಿ ಚುಚ್ಚಿ ಕಲಿತೆ" ಎಂದೆ. ಅವರು ನಗಲಿಲ್ಲ. ದೂರಶಿಕ್ಷಣದಲ್ಲಿ ಪಾಸಾದವರು ಈ ರಾಜ್ಯದಲ್ಲಿ ಮತ್ತೆ ಏಳುನೂರು ಗಂಟೆ ವಾರ್ಡಿನಲ್ಲಿ ಕೆಲಸ ಮಾಡಿ ತೋರಿಸಬೇಕಂತೆ. ರಿಜಿಸ್ಟರ್ ಆದ ನರ್ಸೊಬ್ಬಳು ಪಕ್ಕದಲ್ಲೇ ನಿಂತು ನೋಡಿ, ಕೌನ್ಸಿಲ್ ಕೊಟ್ಟ ಪುಸ್ತಕದಲ್ಲಿ ಗಂಟೆಗೊಂದು ಸಹಿ ಹಾಕಬೇಕು. ನಾನು ಅಲ್ಲಿ ದುಡಿದ ಎರಡು ವರ್ಷ ಲೆಕ್ಕಕ್ಕೇ ಇಲ್ಲ. ಯಾವ ಆಸ್ಪತ್ರೆಗೆ ಹೋದರೂ "ಲೈಸೆನ್ಸ್ ಇಲ್ಲದವರನ್ನ ರೋಗಿ ಹತ್ತಿರ ಬಿಡಲ್ಲ, ಲೈಸೆನ್ಸ್ ತನ್ನಿ" ಎಂದರು. ಕೌನ್ಸಿಲ್‌ಗೆ ಹೋದರೆ "ಗಂಟೆ ಮುಗಿಸಿ ಬನ್ನಿ, ಲೈಸೆನ್ಸ್ ಕೊಡ್ತೀವಿ" ಎಂದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಐದು ಆಸ್ಪತ್ರೆಯ ಮೆಟ್ಟಿಲು ಹತ್ತಿಳಿದು ಆರನೆಯದರಲ್ಲಿ ಆಯಾ ಕೆಲಸಕ್ಕೆ ಸೇರಿಕೊಂಡೆ. ನಿನಗೆ ಬರೆದ ಕಾಗದಗಳಲ್ಲಿ ಇದನ್ನು ಮುಚ್ಚಿಟ್ಟಿದ್ದೆ. ನಾಚಿಕೆಯಾಗಿತ್ತು.

ನನ್ನನ್ನು ಹಾಕಿದ ಗಂಡಸರ ವಾರ್ಡಿನಲ್ಲಿ ಒಬ್ಬಳು ನರ್ಸ್ ಇದ್ದಳು. ಎಲ್ಲರಿಗಿಂತ ಕಿರಿಯಳು, ಇಪ್ಪತ್ತಾರು ವರ್ಷ, ಎಲ್ಲರೂ ಅವಳನ್ನು ಚಿಕ್ಕ ಸಿಸ್ಟರ್ ಎನ್ನುತ್ತಿದ್ದರು. ಉಳಿದವರು ನನ್ನನ್ನು "ಅಂಚೆ ನರ್ಸ್" ಎಂದು ಕರೆದು ನಗುವಾಗ ಅವಳು ನಗುತ್ತಿರಲಿಲ್ಲ. ಒಂದು ದಿನ ಹಾಸಿಗೆಯ ಬಟ್ಟೆ ಬದಲಿಸುವಾಗ ಕಿವಿಯ ಹತ್ತಿರ ಬಂದು, "ಅಕ್ಕ, ನಿಮ್ಮ ಪುಸ್ತಕಕ್ಕೆ ನಾನು ಸಹಿ ಹಾಕ್ತೀನಿ. ನನ್ನ ಡ್ಯೂಟಿ ಎರಡು ಗಂಟೆಗೆ ಮುಗಿಯುತ್ತೆ, ಆಮೇಲೆ ಎರಡು ಗಂಟೆ ಇರ್ತೀನಿ" ಎಂದಳು. "ನಿನಗೇನು ಬಂತಮ್ಮ ಇದರಿಂದ?" ಎಂದು ಕೇಳಿದೆ. "ನಮ್ಮಮ್ಮನೂ ಆಯಾನೇ" ಎಂದಳು. ಅಷ್ಟೇ ಹೇಳಿ ದಿಂಬಿನ ಕವರ್ ಹಾಕತೊಡಗಿದಳು. ಆಮೇಲೆ ಮೇಟ್ರನ್ ಹತ್ತಿರ ನನ್ನ ಪರವಾಗಿ ಜಗಳವಾಡಿ ಒಪ್ಪಿಸಿದವಳೂ ಅವಳೇ.

ಅಂದಿನಿಂದ ನನ್ನ ದಿನ ಹೇಗಿತ್ತು ಗೊತ್ತಾ? ಬೆಳಿಗ್ಗೆ ಏಳರಿಂದ ಎರಡರವರೆಗೆ ಬೂದು ಕೋಟು, ಆಯಾ. ಎರಡು ಹೊಡೆದ ಕೂಡಲೇ ತೋಳಿಗೆ ಹಸಿರು ಪಟ್ಟಿ, ನಾಲ್ಕರವರೆಗೆ ನರ್ಸ್. ಅದರಲ್ಲೂ ಚಿಕ್ಕ ಸಿಸ್ಟರ್ ಫೋನು ಬಂತೆಂದು ಹೊರಗೆ ಹೋದರೆ ನಾನು ಇದ್ದಲ್ಲೇ ಕೈ ಬಿಟ್ಟು ನಿಲ್ಲಬೇಕು. ಒಂದು ಸಲ ಅರ್ಧ ಕಟ್ಟಿದ ಬ್ಯಾಂಡೇಜ್ ಹಿಡಿದುಕೊಂಡು ಐದು ನಿಮಿಷ ನಿಂತಿದ್ದೆ. ರೋಗಿ "ಏನಮ್ಮ, ಕರೆಂಟ್ ಹೋಯ್ತಾ?" ಎಂದ.

ಹಸಿರು ಪಟ್ಟಿ ಇಲ್ಲದ ಹೊತ್ತಿನಲ್ಲಿ ಬಾಯಿ ಹಾಕಿ ಒಮ್ಮೆ ಸಿಕ್ಕಿಬಿದ್ದೆ ಕೂಡ. ಒಬ್ಬರಿಗೆ ಡ್ರಿಪ್ ಹಾಕಿದ ಕೈ ಊದಿಕೊಂಡಿತ್ತು. ಸೂಜಿ ನರದಿಂದ ಆಚೆ ಬಂದಿದೆ ಎಂದು ಡಾಕ್ಟರಿಗೆ ಹೇಳಿಬಿಟ್ಟೆ. ಹೇಳಿದ್ದು ಸರಿಯೇ ಇತ್ತು. ಆದರೆ ಮೇಟ್ರನ್ ಕರೆಸಿ, "ಆಯಾ ಆಗಿರೋ ಹೊತ್ತಲ್ಲಿ ಕಣ್ಣಿಗೆ ಕಂಡದ್ದು ಹೇಳು, ಖಾಯಿಲೆ ಹೆಸರು ಹೇಳ್ಬೇಡ. ಮೈ ಮುಟ್ಟಿ ಪರೀಕ್ಷೆ ಮಾಡ್ಬೇಡ. ಇನ್ನೊಂದು ಸಲ ಆದ್ರೆ ಕೌನ್ಸಿಲ್‌ಗೆ ಬರೀತೀನಿ, ನಿನ್ನ ಪುಸ್ತಕ ಅಲ್ಲಿಗೆ ಮುಗೀತು" ಎಂದರು. ಆಗ ನಾನೂರು ಗಂಟೆ ಆಗಿತ್ತು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡೆ.

ಆರುನೂರ ಎಂಬತ್ತೆಂಟು ಗಂಟೆ ಮುಗಿದಿತ್ತು, ಇನ್ನು ಹನ್ನೆರಡೇ ಬಾಕಿ. ಆರು ದಿನ. ಆ ದಿನಗಳಲ್ಲೇ ನಾಲ್ಕನೇ ಬೆಡ್ಡಿಗೆ ರಿಟೈರಾದ ಬಸ್ ಕಂಡಕ್ಟರೊಬ್ಬರು ಬಂದಿದ್ದರು, ಪಿತ್ತಕೋಶದ ಆಪರೇಷನ್ನಿಗೆ. ಬಾಯಿ ತುಂಬ ಮಾತು. ಸ್ಟ್ರೆಚರ್ ತಳ್ಳಿದರೆ "ರೈಟ್ ರೈಟ್" ಎನ್ನುವರು. ಡಾಕ್ಟರು ರೌಂಡ್ಸಿಗೆ ಬಂದರೆ "ಚೆಕಿಂಗ್ ಬಂತು, ಟಿಕೆಟ್ ತೆಗೀರಿ" ಎಂದು ಪಕ್ಕದ ಬೆಡ್ಡಿನವರನ್ನು ಎಬ್ಬಿಸುವರು. ಅವರ ಹೆಂಡತಿ ಬಾಯಿಗೆ ಸೆರಗಿಟ್ಟು ನಗುವರು. ಆಪರೇಷನ್ ಚೆನ್ನಾಗಿಯೇ ಆಯಿತು.

ಮಾರನೆಯ ದಿನ ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಇಪ್ಪತ್ತೆಂಟು ಬೆಡ್ಡಿಗೆ ಚಿಕ್ಕ ಸಿಸ್ಟರ್ ಒಬ್ಬಳೇ, ಜೊತೆಯವಳು ರಜೆ. ವಾರ್ಡಿನ ಆ ತುದಿಯಲ್ಲಿ ಒಬ್ಬ ಮುದುಕರಿಗೆ ಫಿಟ್ಸ್ ಬಂದು ಅವಳು ಅಲ್ಲಿ ಸಿಕ್ಕಿಕೊಂಡಿದ್ದಳು. ಈ ತುದಿಯಲ್ಲಿ ಕಂಡಕ್ಟರು ಚಡಪಡಿಸುತ್ತಿದ್ದರು. "ಅಮ್ಮ, ಬಾಯಾರಿಕೆ, ಬಾಯಾರಿಕೆ" ಎಂದರು. ಆಪರೇಷನ್ ಆದವರಿಗೆ ನೀರು ಕೊಡುವಂತಿಲ್ಲ. ನಾನು ಓಡಿಹೋಗಿ, "ಸಿಸ್ಟರ್, ನಾಲ್ಕನೇ ಬೆಡ್ಡಿನವರು ನೀರು ಕೇಳ್ತಿದ್ದಾರೆ" ಎಂದೆ. ಅವಳು ತಲೆ ಎತ್ತಿ, "ತುಟಿ ಒದ್ದೆ ಮಾಡಿ ಅಕ್ಕ, ಬಂದೆ" ಎಂದಳು. ನಾನು ಹತ್ತಿ ಅದ್ದಿ ತುಟಿ ಒದ್ದೆ ಮಾಡಿದೆ. ಅವಳು ಬಂದಾಗ ನಲವತ್ತು ನಿಮಿಷವಾಗಿತ್ತು. ಒಳಗೆ ರಕ್ತ ಸೋರುತ್ತಿತ್ತು, ಗುಬ್ಬಿ. ಥಿಯೇಟರಿಗೆ ತಳ್ಳಿಕೊಂಡು ಹೋಗುವಾಗ ಕಾರಿಡಾರಿನಲ್ಲೇ ಹೋಗಿಬಿಟ್ಟರು.

ವಿಚಾರಣೆ ನಡೆಯಿತು. ಉದ್ದ ಮೇಜು, ಮೂರು ಜನ ದೊಡ್ಡವರು, ಇತ್ತ ಚಿಕ್ಕ ಸಿಸ್ಟರ್, ಅವಳ ಪಕ್ಕದ ಕುರ್ಚಿಯಲ್ಲಿ ನಾನು. ಕಂಡಕ್ಟರ ಚಾರ್ಟಿನಲ್ಲಿ ಹನ್ನೆರಡು ಗಂಟೆಯ ನಾಡಿ ಬರೆದಿತ್ತು, ಒಂದು ಗಂಟೆಯ ಮನೆ ಖಾಲಿ. ಯಾಕೆ ಬರೆದಿಲ್ಲ ಎಂದು ಕೇಳಿದರು. "ಫಿಟ್ಸ್ ಬಂದವರ ಹತ್ತಿರ ಇದ್ದೆ. ತಪ್ಪು ನಂದೇ" ಎಂದಳು. ನನ್ನನ್ನು "ನೀನು ನಾಡಿ ನೋಡಿದ್ಯಾ?" ಎಂದು ಕೇಳಿದರು. "ಇಲ್ಲ ಸಾರ್, ಆ ಹೊತ್ತಲ್ಲಿ ನಾನು ಆಯಾ" ಎಂದೆ. ಹೊರಗೆ ಬಂದಾಗ ಮೇಟ್ರನ್ ನನ್ನ ಬೆನ್ನು ತಟ್ಟಿದರು. "ನೀನು ನಿನ್ನ ಮಿತಿಯಲ್ಲಿದ್ದೆ, ಅದೇ ನಿನ್ನನ್ನ ಉಳಿಸ್ತು" ಎಂದರು. ಉಳಿದ ಹನ್ನೆರಡು ಗಂಟೆಗೆ ಅವರೇ ನಿಂತು ಸಹಿ ಹಾಕಿದರು. ಚಿಕ್ಕ ಸಿಸ್ಟರ್ ಲೈಸೆನ್ಸನ್ನು ಕೌನ್ಸಿಲ್ ಎರಡು ವರ್ಷ ತಡೆಹಿಡಿದಿದೆ. ಈಗ ಔಷಧಿ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾಳೆ.

ಕಂಡಕ್ಟರ ಹೆಂಡತಿ ಅವರ ಬಟ್ಟೆಗಳನ್ನು ತೆಗೆದುಕೊಂಡು ಹೋಗಲು ಬಂದಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡು, "ಕೊನೇಲಿ ನೀವಾದ್ರೂ ನೀರು ಮುಟ್ಟಿಸಿದ್ರಲ್ಲಮ್ಮ, ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದರು. ಅಂದಿನಿಂದ ನನಗೆ ಅನ್ನ ಸರಿಯಾಗಿ ಇಳಿಯುತ್ತಿಲ್ಲ.

ಇನ್ನು ನಿನ್ನ ಪ್ರಶ್ನೆ. ನಿನ್ನ ಗಂಡನಿಗೆ ಇಲ್ಲಿ ಕೆಲಸ ಖಾತ್ರಿಯಾಗಿದೆ ಎಂದು ಬರೆದಿದ್ದೀಯ, ಇಲ್ಲೊಂದು ದೊಡ್ಡ ಆಸ್ಪತ್ರೆ ನಿನ್ನ ಅರ್ಜಿ ಕೇಳಿದೆ ಎಂದೂ ಬರೆದಿದ್ದೀಯ. ಕೇಳುವಾಗ ಎಲ್ಲರೂ ಕೇಳುತ್ತಾರೆ. ಸರ್ಟಿಫಿಕೇಟ್ ನೋಡಿದ ಮೇಲೆ ಅವರ ಮುಖ ನೋಡು. ಬರಬೇಡ ಎಂದು ಹೇಳುವ ಹಕ್ಕು ನನಗಿಲ್ಲ, ಗಂಡ ಒಂದು ಕಡೆ, ನೀನು ಒಂದು ಕಡೆ ಎಷ್ಟು ದಿನ ಇರುತ್ತೀಯ? ಬರುವುದಾದರೆ ನಮ್ಮ ಮನೆಯಲ್ಲೇ ಇರು. ಆದರೆ ನನ್ನ ಒಂದು ಮಾತು ಕೇಳು. ಆ ಏಳುನೂರು ಗಂಟೆ ಮುಗಿಯುವವರೆಗೆ ಆಯಾ ಕೆಲಸಕ್ಕೆ ಮಾತ್ರ ಸೇರಬೇಡ. ಬಟ್ಟೆ ಅಂಗಡಿಯಲ್ಲಿ ನಿಲ್ಲು, ಹೊಲಿಗೆ ಹಾಕು, ಬೇಕಾದರೆ ನಮ್ಮ ಮನೆಯಲ್ಲಿ ಕಾಲು ಚಾಚಿ ಕೂತು ಉಣ್ಣು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ರೋಗಿಯ ಪಕ್ಕ ನಿಲ್ಲಬೇಡ. ಅದು ಅಭ್ಯಾಸವಾಗಿಬಿಡುತ್ತದೆ.

ನಿನ್ನ ಮಗಳಿಗೆ ಹಲ್ಲು ಬಂತೇ? ಜ್ವರ ಬಂದರೆ ಗಾಬರಿಯಾಗಬೇಡ, ನರ್ಸಮ್ಮನಿಗೆ ನಾನೇನು ಹೇಳಲಿ. ಅವಳ ಕೆನ್ನೆಗೊಂದು ಮುತ್ತು ಕೊಡು. ನಿನ್ನ ಕೈಗುಣ ದೊಡ್ಡದು, ಆ ಕೈ ಮುಟ್ಟಿದವರೆಲ್ಲ ಎದ್ದು ಓಡಾಡಲಿ. ನಿನ್ನ ಮನೆ ತುಂಬಿರಲಿ, ಯಾರ ಮುಂದೆಯೂ ನೀನು ತಲೆ ತಗ್ಗಿಸುವಂತೆ ಆಗದಿರಲಿ.

ನಿನ್ನ
ದೊಡ್ಡಕ್ಕ

ತಾಜಾಕಲಂ: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನಗೂ ಸುಳ್ಳು ಹೇಳಿದರೆ ನನಗೆ ಇನ್ಯಾರೂ ಉಳಿಯುವುದಿಲ್ಲ.

ನಾನು ಆ ದಿನ ನಾಡಿ ನೋಡಿದ್ದೆ, ಗುಬ್ಬಿ. ಅವರು ಬಾಯಾರಿಕೆ ಎಂದ ತಕ್ಷಣ ಬೆರಳು ತಾನಾಗಿಯೇ ಮಣಿಕಟ್ಟಿಗೆ ಹೋಯಿತು. ನಿಮಿಷಕ್ಕೆ ನೂರ ಮೂವತ್ತಾರು. ಕೈ ತಣ್ಣಗೆ, ಹಣೆಯ ಮೇಲೆ ಬೆವರು. ಆಪರೇಷನ್ ಆದವರು ಹೀಗಿದ್ದರೆ ಏನರ್ಥ ಎಂದು ನಾವಿಬ್ಬರೂ ಫೋನಿನಲ್ಲಿ ಎಷ್ಟು ಸಲ ಒಪ್ಪಿಸಿಲ್ಲ? ಒಳಗೆ ರಕ್ತ ಹೋಗುತ್ತಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಓಡಿಹೋಗುವಾಗ ಅದನ್ನೇ ಹೇಳಬೇಕೆಂದು ಓಡಿದೆ. ಅವಳ ಹತ್ತಿರ ತಲುಪುವಷ್ಟರಲ್ಲಿ ಬಾಕಿ ಉಳಿದ ಹನ್ನೆರಡು ಗಂಟೆ ನೆನಪಾಯಿತು, ಮೇಟ್ರನ್ ನೆನಪಾದರು. ನೀರು ಕೇಳುತ್ತಿದ್ದಾರೆ ಎಂದೆ. ಆಯಾ ಹೇಳಬಹುದಾದಷ್ಟೇ ಹೇಳಿದೆ. ಅವಳೇ ಬಂದು ನೋಡುತ್ತಾಳೆ, ಈಗ ಬರುತ್ತಾಳೆ, ಇನ್ನೇನು ಬಂದಳು ಎಂದುಕೊಳ್ಳುತ್ತಾ ಹತ್ತಿ ಅದ್ದುತ್ತಾ ಕೂತೆ.

ಬುಧವಾರ ಅವಳ ಮನೆಗೆ ಹೋಗಿದ್ದೆ. ಲೈಸೆನ್ಸ್ ಬಂತೆಂದು ತಿಳಿಸುವ ನೆವ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ನಿಮ್ಮ ಬೆರಳು ಅವರ ಕೈ ಮೇಲಿದ್ದದ್ದು ಆ ತುದಿಯಿಂದಲೇ ನೋಡಿದ್ದೆ ಅಕ್ಕ" ಎಂದಳು. ಹಾಗಾದರೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ನಿಮ್ಮ ಪುಸ್ತಕ ಹೋಗ್ತಿತ್ತಲ್ಲ" ಎಂದಳು. ಒಳಗೆ ಕರೆದು ಕೂರಿಸಿದಳು. ಆಮೇಲೆ ನೆಲ ನೋಡುತ್ತಾ ಹೇಳಿದಳು: "ನೀವು ನಾಡಿ ನೋಡಿ ಬಂದು ನೀರಿನ ವಿಷಯ ಮಾತ್ರ ಹೇಳಿದ್ರಿ. ಹಾಗಾದ್ರೆ ನಾಡಿ ಸರಿ ಇದೆ ಅಂತ ಅಂದ್ಕೊಂಡೆ. ನೀವು ನೋಡಿದ ಮೇಲೆ ನಾನು ನೋಡೋದೇನಿದೆ ಅಂತ ಫಿಟ್ಸ್ ಬಂದ ಮುದುಕರ ಹತ್ತಿರಾನೇ ಉಳಿದೆ."

ಈ ಇಡೀ ರಾಜ್ಯದಲ್ಲಿ ನನ್ನನ್ನು ನರ್ಸ್ ಎಂದು ನಂಬಿದವಳು ಅವಳೊಬ್ಬಳೇ, ಗುಬ್ಬಿ.