ಒಂದೇ ಮೈಕಿನ ಸುತ್ತ

ಹಗರಿಬೊಮ್ಮನಹಳ್ಳಿ
೨೨ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ದುರ್ಗಾ,

ಇವತ್ತು ಕಚೇರಿ ಇಲ್ಲ. ಬಟ್ಟೆ ಒಗೆದು ಹಾಕಿ, ಊಟ ಮುಗಿಸಿ ಕೂತಿದ್ದೇನೆ. ಸಿಂಧನೂರಿನಲ್ಲಿ ನೀವೆಲ್ಲ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ದೀಪಾವಳಿಯ ದಿನ ನೀನು ಫೋನಿನಲ್ಲಿ, "ಅಣ್ಣನ ದನಿ ಇರೋದು ಒಂದಾರ ರೆಕಾರ್ಡಿಂಗ್ ಕಳ್ಸು ಅತ್ತಿಗಿ" ಅಂದಿದ್ದೆ. ಹುಡುಕುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ನೀನು ಮಾಡಿದ ಕರೆಗಳನ್ನು ಎತ್ತಲಿಲ್ಲ. ಮಾತಿಗಿಂತ ಬರಹದಲ್ಲಿ ನೆಟ್ಟಗೆ ಹೇಳಬಹುದು ಅನ್ನಿಸಿ ಬರೆಯುತ್ತಿದ್ದೇನೆ. ಆ ವಿಷಯಕ್ಕೂ ಬರುತ್ತೇನೆ.

ನಾನು ಆರಾಮ. ಹೊತ್ತಿಗೆ ಉಣ್ಣುತ್ತೇನೆ, ನಿದ್ದೆ ಬರುತ್ತದೆ. ಮಾರ್ಚ್‌ನಲ್ಲಿ ನಿನ್ನಣ್ಣ ಕೊಟ್ಟೂರು ಬಸ್ ನಿಲ್ದಾಣದಲ್ಲಿ ಕುಸಿದು ತೀರಿಕೊಂಡಾಗ, ಅತ್ತುಬಿಡು, ಇಲ್ಲದಿದ್ದರೆ ಎದೆಯಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಎಲ್ಲರೂ ಹೇಳಿದರು. ಅಳಲಿಲ್ಲ, ಕಟ್ಟಿಕೊಳ್ಳಲೂ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ನಮ್ಮದಲ್ಲ ಅನಿಸುತ್ತದಲ್ಲ, ಹಾಗಿದೆ. ನೀರು ಗದ್ದದ ಮೇಲೆ ಇಳಿದದ್ದು ಸೆರಗು ಒದ್ದೆಯಾದ ಮೇಲೆ ತಿಳಿಯುತ್ತದೆ.

ಪ್ರಾರ್ಥನಾ ಮಂದಿರದವರು ಈ ಕ್ರಿಸ್ಮಸ್ಸಿಗೂ ಕರೆದಿದ್ದಾರೆ. ನಿನಗೆ ಇದರಲ್ಲಿ ಅರ್ಧ ಗೊತ್ತು, ಪೂರ್ತಿ ಹೇಳುತ್ತೇನೆ. ಮದುವೆ ಆರ್ಕೆಸ್ಟ್ರಾ ಬಿಟ್ಟ ಮೇಲೆ ನಿನ್ನಣ್ಣನ ಮ್ಯಾಂಡೊಲಿನ್ ಅಟ್ಟದ ಮೇಲೆಯೇ ಇತ್ತು. ಕೊರೋನಾ ವರ್ಷ ಮನೆಯಲ್ಲಿ ಕೂತಾಗ ಅವರು ಫೋನಿನಲ್ಲಿ ಬ್ಲೂಗ್ರಾಸ್ ಎನ್ನುವುದನ್ನು ಕಂಡರು. ಅಮೆರಿಕದ ಗುಡ್ಡಗಾಡು ಜನರ ಸಂಗೀತ. ಡ್ರಮ್ ಇಲ್ಲ, ಕರೆಂಟಿನ ವಾದ್ಯ ಇಲ್ಲ. ಮ್ಯಾಂಡೊಲಿನ್ನೇ ತಂತಿ ಒತ್ತಿ ಹಿಡಿದು ಚಕ್, ಚಕ್ ಎಂದು ತಾಳ ಕಾಯುತ್ತದೆ. ಆ ಜನ ಕ್ರಿಸ್ಮಸ್ ಹಾಡುಗಳನ್ನೂ ಇದೇ ಧಾಟಿಯಲ್ಲಿ ಹಾಡುವುದನ್ನು ಇವರು ಮೇಷ್ಟ್ರು ಗಂಗಾಧರ್‌ಗೆ ಕೇಳಿಸಿದರು. ಗಂಗಾಧರ್ ಮಂದಿರದಲ್ಲಿ ಗಿಟಾರ್ ನುಡಿಸುವವರು. ಅವರು ಕನ್ನಡದಲ್ಲಿ ಪದ ಕಟ್ಟಿದರು. ನಾಟಕ ಕಂಪನಿಯಲ್ಲಿದ್ದ ಮಂಜಣ್ಣ ಪಿಟೀಲು ತಂದ. ಜಂಬಮ್ಮ ಮಂದಿರದ ಹಿರಿಯ ದನಿ, ಅವರಿಲ್ಲದೆ ಅಲ್ಲಿ ಯಾವ ಹಾಡೂ ಏಳುವುದಿಲ್ಲ. ಹೀಗೆ ಮೂರು ಕ್ರಿಸ್ಮಸ್ ನಡೆಯಿತು.

ಆ ಸಂಗೀತದ ಪದ್ಧತಿ ಎಂದರೆ ನಡುವೆ ಒಂದೇ ಮೈಕು. ಯಾರ ಸರದಿಯೋ ಅವರು ಮುಂದೆ ಬರಬೇಕು, ಉಳಿದವರು ಸರಿಯಬೇಕು. ಹೊಲದ ಬದುವಿನ ಮೇಲೆ ಎದುರಾದವರು ದಾರಿ ಬಿಟ್ಟುಕೊಳ್ಳುವಂತೆ. ಒಬ್ಬರೂ ಇನ್ನೊಬ್ಬರಿಗೆ ತಗಲುತ್ತಿರಲಿಲ್ಲ.

ನಿನ್ನೆ ಸಂಜೆ ಅಭ್ಯಾಸಕ್ಕೆ ಹೋಗಿದ್ದೆ. ನಾನು ಹಾಡುವವಳಲ್ಲ, ಎಂದಿನಂತೆ ಹಿಂದಿನ ಬೆಂಚಿನಲ್ಲಿ ಕೂತೆ. ಜಂಬಮ್ಮ ನೋಡಿ, "ಬುದ್ಧನ್ನ ಮನ್ಯಾಗ ಇಟ್ಕಂಡು ಕ್ರಿಸ್ಮಸ್ಸಿಗೆ ಎಲ್ಲರಿಗಿಂತ ಮೊದಲ ಬರಾಕಿ ನೀನೊಬ್ಬಾಕಿ. ನಮ್ಮೋರು ಇನ್ನಾ ಎಮ್ಮಿ ಕಟ್ಟಾಕತ್ಯಾರ" ಎಂದರು. ನಗಿಸಲು ಹೇಳಿದ್ದೆಂದು ತಿಳಿಯಿತು. ನಕ್ಕೆ ಅಂತ ಕಾಣುತ್ತದೆ.

ಶುರು ಮಾಡಿದರು. ಮ್ಯಾಂಡೊಲಿನ್ನಿನ ಚಕ್ ಇಲ್ಲದೆ ಹಾಡು ತಾಳದಲ್ಲಿ ನಿಲ್ಲಲಿಲ್ಲ, ಓಡತೊಡಗಿತು.

"ಯಾರ್ಲೇ ಓಡಾಕತ್ತಿದ್ದು?" ಅಂದ ಮಂಜಣ್ಣ.

"ನೀನ ಮುಂದಿದ್ದಿ. ನಿನ್ನ ಹಿಡಿಯಾಕ ನಾನು ಓಡೀನಿ" ಅಂದರು ಗಂಗಾಧರ್.

"ಇಬ್ರೂ ಬಾಯಿ ಮುಚ್ರಿ. ಹಾಡಿನ್ಯಾಗ ಕುರಿ ಕಾಯೋರು ಕೂಸು ನೋಡಾಕ ಹೊಂಟಾರ, ಬಸ್ಸು ಹಿಡಿಯಾಕಲ್ಲ" ಎಂದು ಜಂಬಮ್ಮ ಬೆಂಚು ತಟ್ಟಿ ತಾಳ ಹಿಡಿದರು.

ಚರಣ ಮುಗಿಯಿತು. ಮಂಜಣ್ಣ ಒಂದು ಕಡೆಗೆ, ಗಂಗಾಧರ್ ಇನ್ನೊಂದು ಕಡೆಗೆ ಸರಿದರು. ನಡುವೆ ಒಬ್ಬರು ಹಾದು ಬರುವಷ್ಟು ಜಾಗವಾಯಿತು. ಯಾರೂ ಬರಲಿಲ್ಲ. ಬರೀ ಗಿಟಾರ್ ನಡೆಯಿತು, ಮೈಕು ಒಂದೇ ನಿಂತಿತ್ತು. ಆಮೇಲೆ ಜಂಬಮ್ಮ ಮುಂದಿನ ಚರಣ ಎತ್ತಿಕೊಂಡರು. ಎಲ್ಲ ಹಾಡಿನಲ್ಲೂ ಹೀಗೇ ಆಯಿತು. ಮೊದಲೇ ಮಾತಾಡಿಕೊಂಡು ಮಾಡಿದ್ದಲ್ಲ. ಕಾಲುಗಳು ತಾವೇ ಸರಿಯುತ್ತಿದ್ದವು.

ಬಾಗಿಲ ಹತ್ತಿರ ಅರುಣಕುಮಾರ್ ಎನ್ನುವವರು ಕೂತಿದ್ದರು. ಹಡಗಲಿಯಲ್ಲಿ ನರ್ಸ್, ಸುಮಾರು ನನ್ನದೇ ವಯಸ್ಸು. ಮ್ಯಾಂಡೊಲಿನ್ ಪೆಟ್ಟಿಗೆ ತೊಡೆಯ ಮೇಲೆ ಮುಚ್ಚಿಯೇ ಇತ್ತು. ಅವರನ್ನು ಕರೆಸಿದ್ದು ಗಂಗಾಧರ್. ಆದರೆ ಕರೆಸಿದವರೂ ಬಂದು ನಿಲ್ಲಿ ಎನ್ನಲಿಲ್ಲ.

ಚಹಾ ಕುಡಿಯುವಾಗ ಗಂಗಾಧರ್ ನನ್ನ ಹತ್ತಿರ ಬಂದು, "ಮೇಡಂ, ಸಿದ್ದಲಿಂಗಣ್ಣ ಮ್ಯಾಂಡೊಲಿನ್ ಹಿಡದು ನಿಂದ್ರತಿದ್ದ ಜಾಗಕ್ಕ ಇವ್ರನ್ನ ನಿಂದ್ರಸಬೇಕೋ ಬ್ಯಾಡೋ ನೀವ ಹೇಳಬೇಕ್ರಿ. ಖಾಲಿ ಬಿಡ್ರಿ ಅಂದ್ರ ಖಾಲಿ ಬಿಡ್ತೀವಿ" ಎಂದರು.

ಅರುಣಕುಮಾರ್ ಕೇಳಿಸಿಕೊಂಡು, "ನನಗೇನು ಬೇಜಾರಿಲ್ರಿ. ಮಂಗಳವಾರ ರಜಾ ಹಾಕೀನಿ. ಪೆಟ್ಟಿಗಿ ತೆಗಿ ಅಂದ್ರ ತೆಗಿತೀನಿ, ಇಲ್ಲಾಂದ್ರ ಕೇಳಿಕೆಂತ ಕುಂದರ್ತೀನಿ" ಅಂದರು.

ಹೇಳುತ್ತೇನೆ ಎಂದು ಮನೆಗೆ ಬಂದೆ. ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಹೋಗುವವರೆಗೂ ಯೋಚಿಸಿದೆ. ಆ ಜಾಗ ತುಂಬಿದರೆ ನಿನ್ನಣ್ಣ ನಿಲ್ಲುತ್ತಿದ್ದ ಒಂದು ಕಡೆಯೂ ಈ ಊರಿನಲ್ಲಿ ಉಳಿಯುವುದಿಲ್ಲ. ಖಾಲಿ ಬಿಟ್ಟರೆ ಮೂರು ಜನ ಪ್ರತಿ ವರ್ಷ ಬಾರದವರಿಗೆ ದಾರಿ ಬಿಡುತ್ತಿರುತ್ತಾರೆ. ಎರಡನ್ನೂ ಯೋಚಿಸಿದೆ, ಯಾವುದೂ ನೋಯಲಿಲ್ಲ. ನೋಯದಿದ್ದರೆ ಆಯ್ಕೆ ಮಾಡುವುದು ಕಷ್ಟ, ದುರ್ಗಾ. ತೂಕ ತಿಳಿಯುವುದಿಲ್ಲ.

ಅವರ ಮ್ಯಾಂಡೊಲಿನ್ ಜೋಪಾನವಾಗಿದೆ. ತಂತಿ ಸಡಿಲಿಸಿ ಇಟ್ಟಿದ್ದೇನೆ. ಬಿಗಿಯಾಗಿಯೇ ಬಿಟ್ಟರೆ ಕುತ್ತಿಗೆ ಬಾಗುತ್ತದೆ ಎಂದು ಅವರೇ ಹೇಳುತ್ತಿದ್ದರು. ನಿನ್ನ ಮಕ್ಕಳಲ್ಲಿ ಯಾರಿಗಾದರೂ ನುಡಿಸಲು ಕೈ ಕೂಡಿದರೆ ತೆಗೆದುಕೊಂಡು ಹೋಗು.

ಚಳಿ ಜೋರಾಗಿದೆ, ನಿನ್ನ ದಮ್ಮಿನ ಔಷಧಿ ಬಿಡಬೇಡ. ಮಕ್ಕಳು ಚೆನ್ನಾಗಿ ಓದಲಿ, ಮನೆ ತಣ್ಣಗಿರಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ ಅತ್ತಿಗೆ,
ಕೋಮಲಾ

ಮರೆತ ಮಾತು: ಮರೆತಿರಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಹೇಳದೆ ಸಹಿ ಹಾಕಿಬಿಟ್ಟೆ. ಮೂರು ಕ್ರಿಸ್ಮಸ್ಸಿನ ರೆಕಾರ್ಡಿಂಗ್‌ಗಳನ್ನೂ ಗಂಗಾಧರ್ ಕಳಿಸಿದ್ದಾರೆ. ಎಲ್ಲ ಕೇಳಿದೆ. ಒಂದೇ ಮೈಕಾದ್ದರಿಂದ ಹತ್ತಿರ ನಿಂತವರ ದನಿ ಮಾತ್ರ ಉಳಿದಿದೆ. ನಿನ್ನಣ್ಣ ನುಡಿಸಲು ಮುಂದೆ ಬರುತ್ತಿದ್ದರು, ಹಾಡುವಾಗ ಹಿಂದೆ ಸರಿಯುತ್ತಿದ್ದರು. ಮ್ಯಾಂಡೊಲಿನ್ ಇದೆ, ದನಿ ಇಲ್ಲ. ಹೋದ ವರ್ಷದ್ದರಲ್ಲಿ ಮಾತ್ರ, ಎರಡು ಹಾಡುಗಳ ನಡುವೆ, ಮೈಕಿನಿಂದ ದೂರ ನಿಂತ ಜಂಬಮ್ಮನಿಗೆ ಯಾರೋ, "ಮುಂದ ಬರ್ರಿ, ನಿಮ್ಮದು ಕೇಳ್ಸವಲ್ದು" ಎನ್ನುತ್ತಾರೆ. ಮಂಜಣ್ಣ ಇರಬೇಕೆಂದು ದಾಟಿಸಿ ಹೋದೆ. ನಿನ್ನೆ ಜಂಬಮ್ಮನಿಗೆ ಕೇಳಿಸಿದಾಗ ಅವರು ನನ್ನ ಮುಖ ನೋಡಿ, "ನಿನ್ನ ಗಂಡಂದಲ್ಲೇನವಾ" ಎಂದರು.

ನನಗೆ ಗುರುತು ಸಿಗಲಿಲ್ಲ, ದುರ್ಗಾ. ಅವರು ಆಡಿದ ಮಾತೆಲ್ಲ ನೆನಪಿದೆ, ದನಿ ಇಲ್ಲ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಹೀಗೇ ಆಗುತ್ತದೆ. ಯಾರು ಏನು ಹೇಳಿದರು ಎಂದು ಪೂರ್ತಿ ತಿಳಿಯುತ್ತದೆ, ಅವರ ಬಾಯಲ್ಲಿ ಅದು ಹೇಗೆ ಕೇಳುತ್ತಿತ್ತು ಎಂದು ತಿಳಿಯುವುದಿಲ್ಲ. ಪುಸ್ತಕದಲ್ಲಿ ಅದು ನನಗೆ ಯಾವತ್ತೂ ಕೊರತೆ ಅನಿಸಿರಲಿಲ್ಲ.

ಆ ತುಣುಕನ್ನು ನಿನ್ನ ಫೋನಿಗೆ ಕಳಿಸುತ್ತೇನೆ. ನಿನಗೆ ಮೊದಲ ಸಲಕ್ಕೇ ಗುರುತು ಸಿಕ್ಕರೆ ನನಗೆ ಹೇಳಬೇಡ.

ನಾಡಿದ್ದು ಮಂಗಳವಾರ ಸಂಜೆ ಕಾರ್ಯಕ್ರಮ. ಅವರಿಬ್ಬರೂ ಸರಿದು ಜಾಗ ಬಿಟ್ಟಾಗ ನಾನು ಬೆಂಚಿನಿಂದ ಎದ್ದು, ಬಾಗಿಲ ಕಡೆ ತಿರುಗಿ, ಅರುಣಕುಮಾರ್ ಅವರಿಗೆ ಆ ಮಾತನ್ನೇ ಹೇಳುವುದೆಂದು ನಿರ್ಧರಿಸಿದ್ದೇನೆ. ಮುಂದ ಬರ್ರಿ, ನಿಮ್ಮದು ಕೇಳ್ಸವಲ್ದು. ಇನ್ನೂ ಯಾರಿಗೂ ತಿಳಿಸಿಲ್ಲ.