ಕಲೆಕ್ಟರ್ ದೊರೆಯ ಅರಗಿನ ಮುದ್ರೆ

ಇಂಟರ್‌ನ್ಯಾಷನಲ್ ಸಿಟಿ, ದುಬೈ
12 ನವೆಂಬರ್ 2025

ಪ್ರೀತಿಯ ಅಪ್ಪಾ,

ತಿಲಕನ ನಮಸ್ಕಾರಗಳು. ಅಮ್ಮನ ಕಾಲಿನ ಬಾವು ಇಳಿಯಿತೇ? ಡಯಾಲಿಸಿಸ್ ಮುಗಿಸಿ ಬಂದ ದಿನವಾದರೂ ಒಲೆಯ ಹತ್ತಿರ ಬಿಡಬೇಡಿ, ಅವರು ಹೇಳಿದರೆ ಕೇಳುವವರಲ್ಲ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನೀವೇ ಸೇರಿಸಿಕೊಳ್ಳುತ್ತೀರಿ. ಅದಕ್ಕೇ ನಾಳೆ ಊರಿಗೆ ಹೊರಟ ಗೆಳೆಯ ಸುಶಾಂತನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ.

ನೆರೆಯವರು ನಮ್ಮ ದಾರಿಗೆ ಗೇಟು ಹಾಕಿ ಬೀಗ ಜಡಿದ ಮೇಲೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದೆಯ ಅಂಚಿನಲ್ಲಿ ರಿಕ್ಷಾದವರೆಗೆ ಹೊರುತ್ತಿದ್ದೀರಂತೆ. ಕೇಳಿದಂದಿನಿಂದ ಜೆಬೆಲ್ ಅಲಿಯ ಗೋದಾಮಿನ ಕೆಲಸದಲ್ಲಿ ಎಣಿಸಿದ ಪೆಟ್ಟಿಗೆಗಳನ್ನೇ ಮತ್ತೆ ಎಣಿಸುತ್ತಿದ್ದೇನೆ. ಸೋಮವಾರ ತಹಶೀಲ್ದಾರರ ಎದುರು ವಿಚಾರಣೆ. “ಹಳೇ ಹುಕುಂ ಒರಿಜಿನಲ್ಲೇ ಬೇಕು ಕೊರಗಪ್ಪಣ್ಣ, ಜೆರಾಕ್ಸ್ ತಂದ್ರೆ ಆಗ್ಲಿಕ್ಕಿಲ್ಲ” ಎಂದು ನಿಮಗೆ ಹೇಳಿದರಂತೆ ಅಲ್ಲಿಯ ಗುಮಾಸ್ತರು.

ಬ್ರಿಟಿಷರ ಕಾಲದಲ್ಲಿ ಆ ದಾರಿಯ ಹುಕುಮಿಗಾಗಿ ಮುತ್ತಜ್ಜ ಕಲೆಕ್ಟರ್ ದೊರೆಯ ಕ್ಯಾಂಪು ಹೋದಲ್ಲೆಲ್ಲ ಅರ್ಜಿ ಹಿಡಿದು ನಡೆದ ಕತೆ ನೀವೇ ಹೇಳಿದ್ದು. ಮೂರನೆಯ ಕ್ಯಾಂಪಿನಲ್ಲಿ ದೊರೆ ತಲೆಯನ್ನೂ ಎತ್ತದೆ ಸಹಿ ಹಾಕಿ, ಕೆಂಪು ಅರಗಿನ ಮೇಲೆ ಮುದ್ರೆ ಒತ್ತಿದನಂತೆ. ಅಷ್ಟಕ್ಕೇ ದಾರಿ ನಮ್ಮದಾಯಿತು. ಆಯುಧ ಪೂಜೆಗೆ ಕತ್ತಿ ಹಾರೆಗಳ ಜೊತೆ ಆ ಹುಕುಮಿಗೂ ಕುಂಕುಮ ಇಡುವವರು ನೀವು. ಓದಲು ಬಾರದ ಇಂಗ್ಲಿಷಿಗೆ ಕೈಮುಗಿಯುತ್ತೀರೆಂದು ನಾನು ನಗುತ್ತಿದ್ದೆ. ಗೆದ್ದಲು ಹಿಡಿದೀತೆಂದು ಕಳೆದ ರಜೆಯಲ್ಲಿ ಅದನ್ನು ಇಲ್ಲಿಗೆ ತಂದ ಬುದ್ಧಿವಂತನೂ ನಾನೇ. ಈಗ ಸುಶಾಂತನ ಚೀಲದಲ್ಲಿದೆ. ಈ ಪತ್ರ ಪೂರ್ತಿ ಓದದೆ ಅದರ ಲಕೋಟೆ ಒಡೆಯಬೇಡಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮಿಬ್ಬರ ಆಶೀರ್ವಾದ ಈ ಸಲ ನನಗೆ ನಿಜವಾಗಿಯೂ ಬೇಕು.

ನಿಮ್ಮ ಮಗ
ತಿಲಕ್

ತಾ.ಕ.: ಅಪ್ಪಾ, ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಮುಖ್ಯ ಕಾಗದ ಕಂಡರೆ ಲ್ಯಾಮಿನೇಷನ್ ಮಾಡಿಸುವುದು ಇಲ್ಲಿ ನಮ್ಮೆಲ್ಲರ ಚಾಳಿ. ಟೈಪಿಂಗ್ ಸೆಂಟರಿನಲ್ಲಿ ಹುಕುಮಿಗೂ ಮಾಡಿಸಿದೆ. ಯಂತ್ರದ ಬಿಸಿಗೆ ಅರಗು ಕರಗಿ ಸಹಿಯ ಮೇಲೆಲ್ಲ ಹರಡಿತು, ಮುದ್ರೆ ಹೋಯಿತು. “ಹೊಸ ಮುದ್ರೆ ಮಾಡಿಸುವ ಮಾರಾಯ, ಯಾರಿಗೂ ಗೊತ್ತಾಗ್ಲಿಕ್ಕಿಲ್ಲ, ಖಲಾಸ್” ಎಂದ ಅಲ್ಲಿಯ ರಿಯಾಝ್. ಎರಡು ದಿನ ಆಸೆಪಟ್ಟೆ. ಆದರೆ ಸುಳ್ಳು ಮುದ್ರೆ ಹಿಡಿದು ಸಿಕ್ಕಿಬೀಳುವವರು ನೀವು. ಬೇಡವೆಂದೆ. ಕಂಪನಿಯವರು ರಜೆ ಕೊಡಲಿಲ್ಲ; ಹೋದರೆ ಕೆಲಸ ಇಲ್ಲ ಎಂದಿದ್ದಾರೆ. ಆದರೂ ಟಿಕೆಟ್ ಮಾಡಿದ್ದೇನೆ, ಭಾನುವಾರ ಮುಟ್ಟುತ್ತೇನೆ; ವಿಮಾನ ತಡವಾದರೂ ಹುಕುಂ ನಿಮ್ಮ ಕೈಯಲ್ಲಿರಲಿ ಎಂದು ಮೊದಲೇ ಕಳಿಸುತ್ತಿದ್ದೇನೆ. ಮುದ್ರೆ ಎಲ್ಲಿ ಎಂದು ತಹಶೀಲ್ದಾರರು ಕೇಳಿದರೆ ನೀವು ತಲೆ ತಗ್ಗಿಸಬೇಡಿ; ಕರಗಿಸಿದವನು ಇವನೇ ಎಂದು ಪಕ್ಕದಲ್ಲಿ ನಿಂತ ನನ್ನನ್ನು ತೋರಿಸಿ.